ಮಳೆ ಕಮ್ಮಿ ಆಯ್ತಾ, ನೀರು ಕಮ್ಮಿ ಆಯ್ತಾ? ಸ್ಪೇನಿನ ಬರದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಒಂದು ಫೋಟೋ ಹಾಕಿದ್ವಿ, ನೆನಪಿರಬಹುದು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಸೌ ಅಂತ ಒಂದು ಡ್ಯಾಮು, ಅದರ ಹಿನ್ನೀರು ಬತ್ತಿಹೋಗಿ, 1960ರ ದಶಕದ ಶುರುವಲ್ಲಿ ಮುಳುಗಿದ್ದ ಹಳ್ಳಿಯ ಚರ್ಚು ಬುಡದ ಸಮೇತ ಎದ್ದು ನಿಂತಿತ್ತು, ಸುತ್ತ ಬಿರುಕು ಬಿಟ್ಟ ಮಣ್ಣು. ಫೋಟೋ ಕೆಳಗೆ ನಾನು ಬರೆದಿದ್ದು ಎರಡೇ ಸಾಲು, 'ಮೆಡಿಟರೇನಿಯನ್ ಸೀಮೆಯಲ್ಲಿ ಬರ ಹೆಚ್ಚಾಗ್ತಿದೆ' ಅಂತ. ಅಷ್ಟಕ್ಕೆ ಇಷ್ಟು ಪತ್ರ ಬರ್ತವೆ ಅಂದ್ಕೊಂಡಿರಲಿಲ್ಲ. ಕೆಲವರು ಬೈದಿದ್ದಾರೆ ಕೂಡ, ನಮ್ಮೂರ ಕೆರೆ ಒಣಗಿದ್ರೆ ಬರೆಯಲ್ಲ ಸ್ಪೇನಿನ ಕೆರೆಗೆ ಅಳ್ತೀರಾ ಅಂತ. ಇರ್ಲಿ, ಬೈಸ್ಕೊಂಡೇ ಶುರು ಮಾಡ್ತೀನಿ.

ಪ್ರಶ್ನೆ: ಅಕ್ಕಾ, ನಾನು ಹಾಸನದ ಕಡೆಯವಳು, ಬಾರ್ಸಿಲೋನಾದಲ್ಲಿ ಕೆಲಸ. 2024ರ ಫೆಬ್ರವರಿಯಲ್ಲಿ ಇಲ್ಲಿ ಬರದ ಎಮರ್ಜೆನ್ಸಿ ಅಂದ್ರು, ಬೀಚಲ್ಲಿ ಮರಳು ತೊಳ್ಕೊಳೋ ಶವರ್ ಬಂದ್, ಕಾರಂಜಿ ಬಂದ್, ಪಾರ್ಕಿನ ಹುಲ್ಲೆಲ್ಲ ಒಣಗಿ ಜೋಳದ ದಂಟಿನ ಬಣ್ಣಕ್ಕೆ ತಿರುಗಿತ್ತು. ನಾನು ಅಕ್ಕಿ ತೊಳೆದ ನೀರನ್ನ ಎತ್ತಿಟ್ಟು ಬಾಲ್ಕನಿಯಲ್ಲಿರೋ ಕರಿಬೇವಿಗೆ ಹಾಕ್ತಿದ್ದೆ. ಅದೇ ಹೊತ್ತಿಗೆ ಬೆಂಗಳೂರಿಂದ ತಂಗಿ ಫೋನ್ ಮಾಡಿ ಟ್ಯಾಂಕರ್ ಬುಕ್ ಮಾಡಿ ಮೂರು ದಿನ ಆಯ್ತು ಬಂದಿಲ್ಲ ಅಂತಿದ್ಲು. ಇಬ್ರದ್ದೂ ಒಂದೇ ಬರವಾ? ಮತ್ತೆ ಸಮುದ್ರ ಎದುರಿಗೇ ಇದ್ದೂ ಇವ್ರಿಗೆ ನೀರಿಲ್ಲ ಅಂದ್ರೇನು?

ಉತ್ತರ: ಒಂದೇ ಬರ ಅಲ್ಲ ತಂಗಿ, ತಿಂಗಳು ಮಾತ್ರ ಒಂದೇ. ನಿಮ್ಮ ತಂಗಿಯ ಮನೆಯ ಕಷ್ಟ 2023ರ ಮುಂಗಾರು ಕೈಕೊಟ್ಟಿದ್ದರಿಂದ ಬಂದಿದ್ದು, ಅದರ ಜೊತೆಗೆ ಬೋರ್‌ವೆಲ್ ಬತ್ತಿದ್ದು. ನಿಮ್ಮಲ್ಲಿ ಒಂದು ಸೀಸನ್ ತಪ್ಪಿದ್ದಲ್ಲ, ಹತ್ತಿರ ಹತ್ತಿರ ಮೂರು ವರ್ಷ ಮಳೆ ಸರಿಯಾಗಿ ಬರ್ಲೇ ಇಲ್ಲ.

ಇದು ನಮ್ಮವರಿಗೆ ಅರ್ಥ ಆಗ್ಬೇಕಾದ್ರೆ ಟಿಎಂಸಿಯಲ್ಲೇ ಹೇಳ್ಬೇಕು. ಬಾರ್ಸಿಲೋನಾ ಮತ್ತೆ ಸುತ್ತಲ ಊರುಗಳಿಗೆ ನೀರು ಕೊಡೋ ಕ್ಯಾಟಲೋನಿಯಾದ ಒಳಗೇ ಹುಟ್ಟಿ ಅಲ್ಲೇ ಸಮುದ್ರ ಸೇರೋ ನದಿಗಳ ಡ್ಯಾಮುಗಳೆಲ್ಲ ಸೇರಿಸಿದ್ರೂ ಸುಮಾರು 24 ಟಿಎಂಸಿ. ನಮ್ಮ ಕೆಆರ್‌ಎಸ್ ಒಂದೇ 49 ಚಿಲ್ಲರೆ. ಅಂದ್ರೆ ಅರ್ಧ ಕೆಆರ್‌ಎಸ್ ಇಟ್ಕೊಂಡು 60 ಲಕ್ಷ ಜನ, ಕಾರ್ಖಾನೆ, ಟೂರಿಸ್ಟು, ಹೊಲ ಗದ್ದೆ ಎಲ್ಲ ನಡೀಬೇಕು. ಆ ಡ್ಯಾಮುಗಳಲ್ಲಿ ನೀರು ಶೇಕಡಾ 16ಕ್ಕಿಂತ ಕೆಳಗೆ ಇಳಿದಾಗ, 2024ರ ಫೆಬ್ರವರಿ 1ಕ್ಕೆ ಬಾರ್ಸಿಲೋನಾ ಸೇರಿ 202 ಊರುಗಳಿಗೆ ಎಮರ್ಜೆನ್ಸಿ ಅಂತ ಸಾರಿದ್ರು. ಒಬ್ಬರಿಗೆ ದಿನಕ್ಕೆ 200 ಲೀಟರ್ ಮಿತಿ. ಇದನ್ನ ಓದಿ ನಮ್ಮ ಆಫೀಸಲ್ಲೇ ಒಬ್ರು ನಕ್ಕರು, 200 ಲೀಟರ್ ಸಿಗೋದಾದ್ರೆ ನಮ್ಗೂ ಎಮರ್ಜೆನ್ಸಿ ಕೊಡಿ ಅಂತ! ಆದ್ರೆ ಅದು ಮನೆ ನಲ್ಲಿಯ ಲೆಕ್ಕ ಅಲ್ಲ, ಊರಿನ ಅಂಗಡಿ ಹೋಟೆಲು ಎಲ್ಲ ಸೇರಿಸಿ ತಲಾ ಹಂಚಿದ ಲೆಕ್ಕ. ಬಾರ್ಸಿಲೋನಾದವರು ಮನೆಯಲ್ಲಿ ಬಳಸೋದು ದಿನಕ್ಕೆ 100 ಲೀಟರ್ ಆಸುಪಾಸು, ಯುರೋಪಿನ ದೊಡ್ಡ ಊರುಗಳಲ್ಲಿ ಅದು ಕಮ್ಮಿನೇ. ಅದೇ ತಿಂಗಳ ಆಚೆ ಈಚೆ ನಮ್ಮ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂದಿತ್ತಲ್ಲ, ಅಲ್ಲೂ ಕಾರು ತೊಳೆಯೋದು, ಈಜುಕೊಳಕ್ಕೆ ನಲ್ಲಿ ನೀರು ತುಂಬೋದು ಎಲ್ಲ ಬಂದ್.

ಸಮುದ್ರದ ನೀರಿನ ಮಾತು. ಬಳಸ್ತಾರೆ, ನೀವು ಆ ಎರಡು ವರ್ಷ ಕುಡಿದಿದ್ರಲ್ಲಿ ಅದೂ ಇತ್ತು. 2008ರಲ್ಲಿ ಇಂಥದ್ದೇ ಬರ ಬಂದು, ಬಾರ್ಸಿಲೋನಾಕ್ಕೆ ಹಡಗಲ್ಲಿ ನೀರು ತಂದಿದ್ರು, ತರಗೋನಾದಿಂದ ಮತ್ತೆ ಫ್ರಾನ್ಸಿನ ಮಾರ್ಸೆಯಿಂದ. ಹಡಗು ತುಂಬ ಕುಡಿಯೋ ನೀರು ಬಂದು ಬಂದರಲ್ಲಿ ನಿಂತಿದ್ದು ನೋಡಿದ್ಮೇಲೆ ಯಾವ ಸರ್ಕಾರಕ್ಕೂ ನಿದ್ದೆ ಬರಲ್ಲ. ಮುಂದಿನ ವರ್ಷವೇ, 2009ರಲ್ಲಿ, ಯೊಬ್ರೆಗಾತ್ ನದಿ ಸಮುದ್ರ ಸೇರೋ ಕಡೆ ದೊಡ್ಡ ಉಪ್ಪು ತೆಗೆಯೋ ಪ್ಲಾಂಟು ಶುರುವಾಯ್ತು, ವರ್ಷಕ್ಕೆ ಎರಡು ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಅದನ್ನ ಪೂರ್ತಿ ಓಡಿಸ್ತಿರಲಿಲ್ಲ, ಯಾಕಂದ್ರೆ ಸಾವಿರ ಲೀಟರ್‌ಗೆ ಸುಮಾರು 3ರಿಂದ 4 ಯೂನಿಟ್ ಕರೆಂಟು ತಿನ್ನುತ್ತೆ. ಈ ಸಲ ಫುಲ್ ಓಡ್ತು. ಅದರ ಜೊತೆ ಚರಂಡಿ ನೀರನ್ನ ಚೆನ್ನಾಗಿ ಶುದ್ಧ ಮಾಡಿ ಪೈಪಲ್ಲಿ ಮೇಲಕ್ಕೆ ತಗೊಂಡು ಹೋಗಿ ಅದೇ ನದಿಗೆ ಬಿಟ್ಟು, ಕೆಳಗಡೆ ಮತ್ತೆ ಎತ್ತಿ ಇನ್ನೊಂದು ಸಲ ಶುದ್ಧ ಮಾಡಿ ನಲ್ಲಿಗೆ ಕೊಟ್ರು. ಇವೆರಡೂ ಸೇರಿ ಬಾರ್ಸಿಲೋನಾದ ಅರ್ಧಕ್ಕೂ ಹೆಚ್ಚು ನೀರು. ನಿಮ್ಮ ಕರಿಬೇವಿಗೆ ಹೋಗಿದ್ದು ಯಾವುದು ಅಂತ ಹೇಳೋದು ಕಷ್ಟ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ತುಮಕೂರು. 'ಬರ ಹೆಚ್ಚಾಗ್ತಿದೆ' ಅಂತ ಬರೆದಿದ್ದೀರಿ. ಅಂದ್ರೆ ನೂರು ವರ್ಷದ ಹಿಂದಕ್ಕಿಂತ ಈಗ ಅಲ್ಲಿ ಮಳೆ ಕಮ್ಮಿ ಬೀಳ್ತಾ ಇದೆಯೇ? ಅಂಕಿ ಅಂಶ ಕೊಡಿ, ಸುಮ್ಮನೆ ಹೆದರಿಸಬೇಡಿ.

ಉತ್ತರ: ಸರ್, ಸಿಕ್ಕಿಹಾಕ್ಕೊಂಡೆ. ಆ ಎರಡು ಸಾಲು ಬರೆದಾಗ ನಾನೂ ಮಳೆ ಕಮ್ಮಿ ಆಗ್ತಿದೆ ಅನ್ನೋ ಅರ್ಥದಲ್ಲೇ ಬರೆದಿದ್ದು, ಹುಡುಕ್ತಾ ಹೋದ್ರೆ ವಿಷಯ ಅಷ್ಟು ಸಲೀಸಿಲ್ಲ.

2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ದೊಡ್ಡ ಸ್ಟಡಿ ಬಂತು, ಸ್ಪೇನಿನ ಸೆರ್ಹಿಯೊ ವಿಸೆಂತೆ-ಸೆರಾನೊ ಅನ್ನೋ ವಿಜ್ಞಾನಿ ಮುಂದೆ ನಿಂತು ಮಾಡಿದ್ದು. ಮೆಡಿಟರೇನಿಯನ್ ಸುತ್ತಲ 27 ದೇಶಗಳಿಂದ 23 ಸಾವಿರಕ್ಕೂ ಜಾಸ್ತಿ ಮಳೆ ಅಳೆಯೋ ಕೇಂದ್ರಗಳ ಲೆಕ್ಕ ಗುಡ್ಡೆ ಹಾಕಿ 1871ರಿಂದ 2020ರವರೆಗೆ ನೋಡಿದ್ರು. ಒಟ್ಟಾರೆ ನೋಡಿದ್ರೆ ಮಳೆ ಏರಿಲ್ಲ, ಇಳಿದಿಲ್ಲ, ಉಯ್ಯಾಲೆ ತರ ತೂಗಿದೆ ಅಷ್ಟೇ, ವರ್ಷದಿಂದ ವರ್ಷಕ್ಕೆ, ದಶಕದಿಂದ ದಶಕಕ್ಕೆ. ಹಾಗಾದ್ರೆ ಮಳೆ ಕಮ್ಮಿ ಆಗ್ತಿದೆ ಅಂತ ಹೇಳ್ತಿದ್ದವರೆಲ್ಲ ಸುಳ್ಳು ಹೇಳಿದ್ರಾ? ಇಲ್ಲ, ಅವರು ಎಲ್ಲಿಂದ ಎಣಿಸೋಕೆ ಶುರು ಮಾಡಿದ್ರು ಅನ್ನೋದು ಮುಖ್ಯ. ಸ್ಪೇನ್ ಕಡೆ 1960ರ ದಶಕ ಒಳ್ಳೇ ಮಳೆಯ ಕಾಲ, 1980-90ರ ದಶಕ ಒಣ. ಅರವತ್ತರಿಂದ ಗ್ರಾಫ್ ಎಳೆದ್ರೆ ಇಳಿಜಾರು ಕಂಡೇ ಕಾಣುತ್ತೆ. ಅಡಿಕೆ ರೇಟು ಗಗನಕ್ಕೆ ಹೋದ ವರ್ಷದಿಂದ ಲೆಕ್ಕ ಶುರು ಮಾಡಿದ್ರೆ ಆಮೇಲೆ ಬರೀ ನಷ್ಟವೇ ಕಾಣುತ್ತಲ್ಲ, ಹಾಗೆ.

ಬಾರ್ಸಿಲೋನಾದ್ದೇ ತಗೊಳ್ಳಿ. ಅಲ್ಲಿ ಫ್ರಾನ್ಸೆಸ್ಕ್ ಸಾಲ್ವಾ ಅಂತ ಒಬ್ಬ ಡಾಕ್ಟರು ಇದ್ರು, ರೋಗಕ್ಕೂ ಹವೆಗೂ ಸಂಬಂಧ ಇದೆ ಅನ್ನೋ ನಂಬಿಕೆಯಲ್ಲಿ 1780ರಿಂದ ದಿನಾ ಮೂರು ಹೊತ್ತು ಹವಾಮಾನ ಬರೆದಿಟ್ರು. ಅಂಥ ಹಳೇ ದಾಖಲೆ ಎಲ್ಲ ಜೋಡಿಸಿ ಆ ಊರಿನ ಮಳೆಯ ಲೆಕ್ಕವನ್ನ 1786ರಿಂದ ಈಚೆಗೆ ಸಿದ್ಧ ಮಾಡಿದ್ದಾರೆ, ಸ್ಪೇನು ಪೋರ್ಚುಗಲ್ ಎರಡರಲ್ಲೂ ಇಷ್ಟು ಉದ್ದದ ಮಳೆ ಲೆಕ್ಕ ಬೇರೆ ಇಲ್ಲ. ಅದರಲ್ಲಿ ಕಾಣೋ ದೊಡ್ಡ ಬರಗಾಲ ಯಾವುದು ಅಂದ್ರೆ 1810-20ರ ದಶಕದ್ದು, ಹನ್ನೆರಡು ವರ್ಷದ ಆಸುಪಾಸು. ಆಗ ಕಾರೂ ಇರಲಿಲ್ಲ, ಕಾರ್ಖಾನೆ ಹೊಗೆಯೂ ಇಷ್ಟಿರಲಿಲ್ಲ. ಆ ಸೀಮೆಯ ಮಳೆ ಹುಟ್ಟಿದಾಗಿನಿಂದಲೇ ಚಂಚಲ.

ಹಾಗಾದ್ರೆ ಬದಲಾಗಿದ್ದೇನು? ಸೆಕೆ. ಮೆಡಿಟರೇನಿಯನ್ ಸೀಮೆ ಕೈಗಾರಿಕೆ ಯುಗಕ್ಕೆ ಮುಂಚೆ ಇದ್ದಿದ್ದಕ್ಕಿಂತ ಸುಮಾರು 1.5 ಡಿಗ್ರಿ ಬಿಸಿಯಾಗಿದೆ, ಪ್ರಪಂಚದ ಸರಾಸರಿಗಿಂತ ಬೇಗ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಶೇಕಡಾ 7ರಷ್ಟು ಜಾಸ್ತಿ ನೀರಿನ ಆವಿ ಹಿಡ್ಕೊಳುತ್ತೆ. ಬಟ್ಟೆ ಒಣ ಹಾಕೋರಿಗೆ ಇದು ಹೇಳಿಕೊಡ್ಬೇಕಾಗಿಲ್ಲ, ಏಪ್ರಿಲ್‌ನಲ್ಲಿ ಹಾಕಿದ ಸೀರೆ ಅರ್ಧ ಗಂಟೆಗೆ ಗರಿಗರಿ, ಜುಲೈನಲ್ಲಿ ಹಾಕಿದ್ದು ಮೂರು ದಿನ ಆದ್ರೂ ವಾಸನೆ. ಮಣ್ಣೂ ಒಂದು ಒದ್ದೆ ಬಟ್ಟೆನೇ. ಅದೇ 600 ಮಿಲಿಮೀಟರ್ ಮಳೆ ಬಿದ್ರೂ ಮೊದಲಿಗಿಂತ ಜಾಸ್ತಿ ಪಾಲು ಮೇಲಕ್ಕೆ ವಾಪಸ್ ಹೋಗ್ತಿದೆ, ನದಿಗೆ ಹೋಗೋದು ಕಮ್ಮಿ. ಮಳೆಮಾಪಕ ಸುಳ್ಳು ಹೇಳ್ತಿಲ್ಲ, ಡ್ಯಾಮಿನ ಗೇಜೂ ಸುಳ್ಳು ಹೇಳ್ತಿಲ್ಲ, ಎರಡರ ಮಧ್ಯೆ ನೀರು ಕಳ್ಳತನ ಆಗ್ತಿದೆ. ಕಳ್ಳ ಯಾರು ಅಂದ್ರೆ ಬಿಸಿ ಗಾಳಿ ಒಬ್ಬ, ಇನ್ನಿಬ್ಬರು ಇದ್ದಾರೆ, ಮುಂದೆ ಬರ್ತಾರೆ.

ಎಲ್ಲಾ ವಿಜ್ಞಾನಿಗಳೂ ಒಂದೇ ಮಾತು ಹೇಳ್ತಾರೆ ಅಂದ್ಕೋಬೇಡಿ ಸರ್. ಚಳಿಗಾಲದಲ್ಲಿ ಅಟ್ಲಾಂಟಿಕ್ ಮೇಲೆ ಅಜೋರ್ಸ್ ದ್ವೀಪಗಳ ಹತ್ರ ಕೂರೋ ಹೈ ಪ್ರೆಷರ್, ಅಂದ್ರೆ ಗಾಳಿಯ ಒತ್ತಡ ಜಾಸ್ತಿ ಇರೋ ವಲಯ, ಇದೆಯಲ್ಲ, ಅದು ಈಚೆಗೆ ಹಿಗ್ಗಿರೋ ಹಾಗೆ ಹಿಂದಿನ 1,200 ವರ್ಷದಲ್ಲೇ ಹಿಗ್ಗಿರಲಿಲ್ಲ, ಅದು ಹಿಗ್ಗಿದಷ್ಟೂ ಪೋರ್ಚುಗಲ್, ಪಶ್ಚಿಮ ಸ್ಪೇನಿಗೆ ಮಳೆ ತಪ್ಪುತ್ತೆ ಅಂತ 2022ರಲ್ಲಿ ಇನ್ನೊಂದು ತಂಡ ಬರೆದಿದೆ. ಪೂರ್ವದ ಕಡೆ ಸಿರಿಯಾ, ಲೆಬನಾನ್, ಸೈಪ್ರಸ್ ಸುತ್ತ 1998ರಿಂದ 2012ರವರೆಗಿನ ಬರ ಮರದ ಉಂಗುರಗಳ ಪ್ರಕಾರ 900 ವರ್ಷದಲ್ಲೇ ಕೆಟ್ಟದ್ದು ಇರಬಹುದು ಅಂತ ನಾಸಾದವರ ಲೆಕ್ಕ. ಮುಂದಕ್ಕೆ ಭೂಮಿ ಒಂದೊಂದು ಡಿಗ್ರಿ ಬಿಸಿಯಾದ ಹಾಗೂ ಆ ಸೀಮೆಯ ಮಳೆ ಶೇಕಡಾ 4ರಷ್ಟು ಇಳಿಯುತ್ತೆ ಅಂತ ಮಾಡೆಲ್‌ಗಳು ಹೇಳ್ತವೆ. ಹಿಂದೆ ಇಳಿದಿಲ್ಲ ಅಂದ ಮಾತ್ರಕ್ಕೆ ಮುಂದೆ ಇಳಿಯಲ್ಲ ಅಂತ ಅಲ್ಲ. ಆದ್ರೂ ಮುಂದಿನ ಸಲ ನಾನು 'ಬರ ಹೆಚ್ಚಾಗ್ತಿದೆ' ಅಂತ ಬರೆದ್ರೆ, ಮಳೆಯ ಬರ ಅಂತಲ್ಲ ನೀರಿನ ಬರ ಅಂತ ಓದ್ಕೊಳ್ಳಿ.

ಪ್ರಶ್ನೆ: ನಾವು ಧಾರವಾಡ ಕಡಿ ಮಂದಿ ರಿ. ಅಲ್ಲೆ ಬ್ಯಾಸಗಿ ಒಳಗ ಒಂದ್ ಹನಿ ಸೈತ ಮಳಿ ಬರೂದಿಲ್ಲಂತ, ಖರೇನು? ನಮಗ ಜೂನ್ ಬಂತಂದ್ರ ಮಳಿ, ಅವ್ರಿಗೆ ಜೂನ್ ಬಂತಂದ್ರ ಬಿಸಲು, ಹಿಂಗ್ಯಾಕ ಉಲ್ಟಾ?

ಉತ್ತರ: ಹೆಚ್ಚುಕಮ್ಮಿ ಖರೇ ರಿ, ಆಗೊಮ್ಮೆ ಈಗೊಮ್ಮೆ ಬರೋ ಗುಡುಗು ಮಳೆ ಬಿಟ್ರೆ. ಅವರಿಗೆ ಮುಂಗಾರೇ ಇಲ್ಲ, ಇರೋದೆಲ್ಲ ಹಿಂಗಾರಿ. ಮಳೆಯಲ್ಲಿ ಹೆಚ್ಚಿನ ಪಾಲು ಅಕ್ಟೋಬರಿಂದ ಮೇ ಒಳಗೇ ಬರ್ಬೇಕು. ಗೋದಿ ಬಿತ್ತೋದು ಚಳಿಗಾಲದ ಮಳೆಗೆ, ಸ್ಪೇನಿನ ರೈತರ ಗಾದೆಯೂ ಹಾಗೇ, ಏಪ್ರಿಲ್‌ನಲ್ಲಿ ಸಾವಿರ ನೀರು ಅಂತ. ಬೇಸಿಗೆಯಲ್ಲಿ ಆ ಅಜೋರ್ಸ್ ಹೈ ಪ್ರೆಷರ್ ಉತ್ತರಕ್ಕೆ ಸರಿದು ಮುಚ್ಚಳ ಮುಚ್ಚಿದ ಹಾಗೆ ಕೂತ್ಬಿಡುತ್ತೆ, ಮೋಡ ಏಳೋಕೆ ಬಿಡಲ್ಲ.

ಇದರಲ್ಲಿ ನಮ್ದೂ ಕೈವಾಡ ಇದೆ! 1996ರಲ್ಲಿ ರಾಡ್ವೆಲ್, ಹಾಸ್ಕಿನ್ಸ್ ಅಂತ ಇಬ್ಬರು ಹವಾಮಾನ ವಿಜ್ಞಾನಿಗಳು ತೋರಿಸಿದ್ದು ಏನಂದ್ರೆ, ನಮ್ಮ ಕಡೆ ಮುಂಗಾರು ಮಳೆ ಸುರಿಯುವಾಗ ಮೋಡದಲ್ಲಿ ಆವಿ ನೀರಾಗಿ ಭಾರೀ ಬಿಸಿ ಬಿಡುಗಡೆ ಆಗುತ್ತೆ, ಗಾಳಿ ಮೇಲಕ್ಕೆ ಏಳುತ್ತೆ, ಅದರ ಪ್ರಭಾವ ಪಶ್ಚಿಮಕ್ಕೆ ಅಲೆಯ ಹಾಗೆ ಹೋಗಿ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಕ್ಕೆ ಕುಸಿಯೋ ಹಾಗೆ ಮಾಡುತ್ತೆ. ಕೆಳಕ್ಕೆ ಇಳಿಯೋ ಗಾಳಿ ಅಂದ್ರೆ ಬಿಸಿ, ಒಣ, ಮೋಡ ಇಲ್ಲ. ಗ್ರೀಸಿನವರು ಜುಲೈನಲ್ಲಿ ನೀಲಿ ಆಕಾಶ ತೋರಿಸಿ ಟೂರಿಸ್ಟ್ ಕರೀತಾರಲ್ಲ, ಅದರಲ್ಲಿ ನಮ್ಮ ಮುಂಗಾರಿಗೂ ಒಂದು ಪಾಲು ಬರ್ಬೇಕು. ಋಣ ಅವರೂ ತೀರಿಸ್ತಾರೆ, ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆ ಹುಟ್ಟೋ ಮಾರುತಗಳು ಇರಾನ್ ದಾಟಿ ಬಂದು ಪಂಜಾಬಿನ ಗೋದಿಗೆ ಮಳೆ, ಹಿಮಾಲಯಕ್ಕೆ ಹಿಮ ಕೊಡ್ತವೆ. ಟಿವಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರಲ್ರಿ, ಅದೇ.

ಪ್ರಶ್ನೆ: ಮಳೆಮಾಪಕ ಬರೋಕೆ ಮುಂಚೆ, 1500, 1600ರಲ್ಲೆಲ್ಲ ಬರ ಬಂದಿತ್ತು ಅಂತ ಹೇಗೆ ಗೊತ್ತಾಗುತ್ತೆ? ಶಾಸನ ಗೀಸನ ಇದೆಯಾ? (ಬಾಗಲಕೋಟೆಯ ಓದುಗರು)

ಉತ್ತರ: ಈ ಪ್ರಶ್ನೆ ಬಂದಿದ್ದಕ್ಕೆ ನನಗೆ ಎಲ್ಲಕ್ಕಿಂತ ಖುಷಿ. ಶಾಸನ ಅಲ್ಲ, ದೇವರ ಖರ್ಚಿನ ಲೆಕ್ಕ!

ಸ್ಪೇನಿನ ಊರುಗಳಲ್ಲಿ ಮಳೆ ತಡ ಆದ್ರೆ ಮೊದಲು ರೈತರ ಸಂಘದವರು ಪುರಸಭೆಗೆ ಹೋಗಿ ಹೇಳ್ಬೇಕು, ಪುರಸಭೆ ಕೂತು ಚರ್ಚೆ ಮಾಡಿ ಚರ್ಚಿನವರಿಗೆ ಬರೀಬೇಕು, ಆಮೇಲೆ ಪ್ರಾರ್ಥನೆ. ಇದಕ್ಕೆ ರೊಗತಿವಾ ಅಂತಾರೆ. ಖರ್ಚು ಊರಿನದ್ದು, ಹಾಗಾಗಿ ತಾರೀಖು ಸಮೇತ ನಡಾವಳಿ ಪುಸ್ತಕದಲ್ಲಿ ದಾಖಲಾಗ್ತಿತ್ತು. ಮಜಾ ಏನಂದ್ರೆ ಪ್ರಾರ್ಥನೆಗೆ ಐದು ಮೆಟ್ಟಿಲು. ಸ್ವಲ್ಪ ತಡ ಆಗಿದ್ರೆ ಚರ್ಚಿನ ಒಳಗೇ ಒಂದು ಪ್ರಾರ್ಥನೆ. ಆಗ್ಲಿಲ್ವಾ, ಸಂತರ ಅಸ್ಥಿ ಹೊರಗಿಟ್ಟು ಜನರಿಗೆ ತೋರಿಸೋದು. ಅದಕ್ಕೂ ಬಗ್ಗಲಿಲ್ವಾ, ಬೀದಿಯಲ್ಲಿ ಮೆರವಣಿಗೆ, ಬಾರ್ಸಿಲೋನಾದಲ್ಲಿ ಮಳೆಗೆ ಅಂತಲೇ ಸಾಂತಾ ಮದ್ರೋನಾ ಅನ್ನೋ ಮಹಿಳಾ ಸಂತರನ್ನ ಬೇಡ್ಕೋತಿದ್ರು. ನಾಲ್ಕನೇದು ಅಸ್ಥಿಯನ್ನೋ ವಿಗ್ರಹವನ್ನೋ ನೀರಲ್ಲಿ ಮುಳುಗಿಸೋದು. ಐದನೇದು, ಎಲ್ಲ ಕೈಮೀರಿದ್ಮೇಲೆ, ದೂರದ ದೊಡ್ಡ ಕ್ಷೇತ್ರಕ್ಕೆ ಊರಿಗೂರೇ ನಡ್ಕೊಂಡು ಹೋಗೋದು.

ಮಾರಿಯಾನೊ ಬಾರಿಯೆಂದೊಸ್ ಅನ್ನೋ ಬಾರ್ಸಿಲೋನಾದ ಇತಿಹಾಸಕಾರರು ಈ ನಡಾವಳಿ ಪುಸ್ತಕಗಳನ್ನ ಜಾಲಾಡಿ, ಯಾವ ವರ್ಷ ಯಾವ ತಿಂಗಳು ಎಷ್ಟನೇ ಮೆಟ್ಟಿಲಿಗೆ ಹೋದ್ರು ಅಂತ ಪಟ್ಟಿ ಮಾಡಿದ್ರು. ಮೂರನೇ ಮೆಟ್ಟಿಲು ಅಂದ್ರೆ ಗಂಭೀರ ಬರ, ಐದು ಅಂದ್ರೆ ಭೀಕರ. ಊರಿನ ಖಜಾನೆ ಕರಗೋ ಕೆಲಸ, ಸುಮ್ಸುಮ್ನೆ ಯಾರೂ ಮಾಡಲ್ಲ, ಅದಕ್ಕೇ ವಿಜ್ಞಾನಿಗಳು ಇದನ್ನ ನಂಬ್ತಾರೆ. ನಾಲ್ಕನೇ ಮೆಟ್ಟಿಲು ಓದಿದಾಗ ನಿಮ್ಗೆ ಏನು ನೆನಪಾಯ್ತೋ ನನಗೂ ಅದೇ. ನಮ್ಮಲ್ಲಿ ಗರ್ಭಗುಡಿ ಬಾಗಿಲಿಗೆ ಅಡ್ಡ ಕಟ್ಟಿ ಶಿವಲಿಂಗ ಮುಳುಗೋವರೆಗೂ ಕೊಡ ಕೊಡ ಹೊಯ್ತಾರೆ, ನಿಮ್ಮ ಕಡೆ ಹುಡುಗರು ರೊಟ್ಟಿ ಹಂಚಿನ ಮೇಲೆ ಸಗಣಿ ಗುರ್ಜಿ ಇಟ್ಟು ಗರಿಕೆ ಸಿಕ್ಕಿಸಿ ತಲೆ ಮೇಲೆ ಹೊತ್ಕೊಂಡು ಮನೆಮನೆಗೆ ಹೋಗ್ತಾರೆ, ಅವ್ವಂದಿರು ಮೇಲಿಂದ ಚೊಂಬಲ್ಲಿ ನೀರು ಸುರೀತಾರೆ. ದೇವರನ್ನ ನೆನೆಸಿದ್ರೆ ಆಕಾಶಕ್ಕೆ ನಾಚಿಕೆ ಆಗುತ್ತೆ ಅನ್ನೋ ಲೆಕ್ಕ ಎರಡೂ ಕಡೆ ಹೇಗೆ ಬಂತೋ. ವ್ಯತ್ಯಾಸ ಇಷ್ಟೇ, ಅವರು ಖರ್ಚು ಬರೆದಿಟ್ರು, ನಾವು ಗುರ್ಜಿ ಆಡಿದ ವರ್ಷ ಯಾವುದು ಅಂತ ಎಲ್ಲೂ ಬರ್ಕೊಳ್ಳಲಿಲ್ಲ.

ಪದ್ಧತಿ ಪೂರ್ತಿ ಸತ್ತಿಲ್ಲ. 2023ರ ಮಾರ್ಚಲ್ಲಿ ಕ್ಯಾಟಲೋನಿಯಾದ ಬೆಟ್ಟದ ಕಡೆ ಲೆಸ್ಪುನ್ಯೋಲಾ ಅನ್ನೋ ಚಿಕ್ಕ ಊರಿನವರು ತಮ್ಮ 'ಹಳ್ಳಗಳ ಮಾತೆ'ಯನ್ನ ಹೊತ್ಕೊಂಡು ಹೊಲದ ಬದುವಿನ ಮೇಲೆ ಮೆರವಣಿಗೆ ಹೋಗಿದ್ರು.

ಪ್ರಶ್ನೆ: ಮೇಡಂ, ಆಲಿವ್ ಎಣ್ಣೆ ರೇಟು ಡಬಲ್ ಆಗಿದ್ದಕ್ಕೂ ಇದೇ ಬರ ಕಾರಣವಾ?

ಉತ್ತರ: ಹೌದು. ಒಳ್ಳೇ ವರ್ಷಗಳಲ್ಲಿ ಪ್ರಪಂಚದ ಆಲಿವ್ ಎಣ್ಣೆಯಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಸ್ಪೇನಿಂದ, ಅದರಲ್ಲೂ ಹಾಯೆನ್ ಪ್ರಾಂತ್ಯದಿಂದ. 2021-22ರಲ್ಲಿ ಸುಮಾರು 15 ಲಕ್ಷ ಟನ್ ಬಂದಿದ್ದು ಮರುವರ್ಷ 6.6 ಲಕ್ಷ ಟನ್ನಿಗೆ ಬಿತ್ತು. ಮಳೆ ಕಮ್ಮಿ ಆಗಿದ್ದರ ಜೊತೆ ಹೂ ಬಿಡೋ ಹೊತ್ತಿಗೆ ಸುಡು ಬಿಸಿಲು ಹೊಡೆದು ಹೂವೇ ಉದುರಿಹೋಯ್ತು. ಮಾವು ಬೆಳೆಯೋರಿಗೆ ಈ ಸಂಕಟ ಗೊತ್ತು. ಆಮೇಲೆ ಬೆಳೆ ಸುಧಾರಿಸಿದೆ. ನಮ್ಮ ಅಡುಗೆಗೆ ಕಡ್ಲೆಕಾಯಿ ಎಣ್ಣೆನೇ ಸರಿ ಅನ್ನೋದು ನನ್ನ ಸ್ವಂತ ಅಭಿಪ್ರಾಯ, ಬರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಮಂಡ್ಯದಿಂದ ಬರೀತಾ ಇದ್ದೀನಿ. ನಮಗೂ ತಮಿಳುನಾಡಿಗೂ ಇರೋ ಹಾಗೆ ಅಲ್ಲೂ ನೀರಿಗೆ ಜಗಳ ಇದ್ಯಾ ಮೇಡಂ, ಇಲ್ಲ ಫಾರಿನ್ನೋರು ಅಂತ ಸುಮ್ಕೆ ಹಂಚ್ಕೊಂಡ್ ತಿಂತಾರಾ?

ಉತ್ತರ: ಎಲ್ಲಿ ಸುಮ್ಕೆ! ತಾಹೊ ಅಂತ ಒಂದು ನದಿ, ಪೋರ್ಚುಗಲ್ ಕಡೆ ಹರಿದು ಅಟ್ಲಾಂಟಿಕ್ ಸೇರುತ್ತೆ. ಅದರ ಮೇಲ್ಭಾಗದ ಎಂತ್ರೆಪೆನ್ಯಾಸ್, ಬುಯೆಂದಿಯಾ ಅನ್ನೋ ಎರಡು ಡ್ಯಾಮಿಂದ ಸುಮಾರು 300 ಕಿಲೋಮೀಟರ್ ಕಾಲುವೆ ಹೊಡೆದು, ದಕ್ಷಿಣದ ಒಣ ಸೀಮೆ ಮುರ್ಸಿಯಾದ ಸೆಗುರಾ ನದಿಗೆ ನೀರು ಕೊಡ್ತಾರೆ, 1979ರಿಂದ. ಕೊಡೋ ಸೀಮೆಯವರು ಕಾಸ್ತಿಯಾ-ಲಾ ಮಾಂಚಾದವರು, ನಮ್ಮ ಕೆರೆ ದಂಡೆಯ ಊರು ಹಾಳಾಯ್ತು, ನಮ್ಮ ನದಿ ಸತ್ತುಹೋಯ್ತು ಅಂತ ಗಲಾಟೆ. ತಗೊಳೋ ಕಡೆಯವರು ನೀವು ನೀರು ನಿಲ್ಲಿಸಿದ್ರೆ ಯುರೋಪಿಗೆ ತರಕಾರಿ ಎಲ್ಲಿಂದ ಅಂತ. ಕೋರ್ಟು, ಬೀದಿ, ಪಾರ್ಲಿಮೆಂಟು ಎಲ್ಲ ಕಂಡಿದೆ. ಈಗಿರೋ ನಿಯಮ ಏನಂದ್ರೆ ಆ ಎರಡು ಡ್ಯಾಮಲ್ಲಿ ಒಟ್ಟು 14 ಟಿಎಂಸಿಗಿಂತ ಕಮ್ಮಿ ಇದ್ರೆ ಒಂದು ಹನಿನೂ ಬಿಡೋ ಹಾಗಿಲ್ಲ. ಸಂಕಷ್ಟ ಸೂತ್ರ ಅಂತ ನಾವು ವರ್ಷಗಟ್ಟಲೆ ಬಡ್ಕೊಂಡ್ವಲ್ಲ, ಅಲ್ಲಿ ಒಂದು ನಂಬರ್ ಬರೆದಿಟ್ಟಿದ್ದಾರೆ. ಆ ನಂಬರ್ ಎಷ್ಟಿರ್ಬೇಕು ಅಂತ ಮತ್ತೆ ಜಗಳ, ಅದು ಬೇರೆ ಮಾತು. ಎಬ್ರೊ ನದಿ ನೀರನ್ನ ದಕ್ಷಿಣಕ್ಕೆ ತಗೊಂಡು ಹೋಗೋ ಇನ್ನೂ ದೊಡ್ಡ ಪ್ಲಾನ್ 2001ರಲ್ಲಿ ಬಂದು ಜನ ಬೀದಿಗಿಳಿದ್ಮೇಲೆ 2004ರಲ್ಲಿ ರದ್ದಾಯ್ತು.

ಎರಡನೇ ಕಳ್ಳನ ವಿಷಯ ಹೇಳ್ತೀನಿ ಅಂದಿದ್ನಲ್ಲ, ಇವನೇ, ಬೇಸಾಯ. ಸ್ಪೇನಿನಲ್ಲಿ ಬಳಕೆಯಾಗೋ ನೀರಲ್ಲಿ ಸುಮಾರು ಶೇಕಡಾ 80 ಬೇಸಾಯಕ್ಕೆ. ಅಲ್ಮೆರಿಯಾದಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆ ಅಷ್ಟೇ, ನಮ್ಮ ಚಳ್ಳಕೆರೆಯೂ ಅದಕ್ಕಿಂತ ಎಷ್ಟೋ ಹಸಿರು, ಅಲ್ಲಿ 30 ಸಾವಿರ ಹೆಕ್ಟೇರಿಗೂ ಮಿಕ್ಕಿ ಪ್ಲಾಸ್ಟಿಕ್ ಗ್ರೀನ್‌ಹೌಸ್, ಟೊಮ್ಯಾಟೊ, ಸೌತೆಕಾಯಿ, ದಪ್ಪ ಮೆಣಸಿನಕಾಯಿ. ಬಹುಪಾಲು ನೆಲದಡಿಯ ನೀರು. ದೊನ್ಯಾನಾ ಅನ್ನೋ ಪಕ್ಷಿಗಳ ಅಭಯಾರಣ್ಯದ ಪಕ್ಕದಲ್ಲಿ ಸ್ಟ್ರಾಬೆರಿ ಬೆಳೆಯೋಕೆ ಲೈಸೆನ್ಸ್ ಇಲ್ಲದೆ ಬಾವಿ ತೋಡಿ ತೋಡಿ, ವರ್ಷವಿಡೀ ನೀರಿರ್ತಿದ್ದ ಅಲ್ಲಿಯ ದೊಡ್ಡ ಕೆರೆ ಸಾಂತಾ ಒಲಾಯಾ 2022ರಲ್ಲಿ, 2023ರಲ್ಲಿ ಪೂರ್ತಿ ಒಣಗಿತು. ಮಳೆ ಕಮ್ಮಿ ಆಗಿದ್ದೂ ನಿಜ, ಬಾವಿನೂ ನಿಜ. ಅದಕ್ಕೇ ಬರ ಅಂದ ಕೂಡಲೇ ಆಕಾಶದ ಕಡೆ ಕೈ ತೋರಿಸೋರನ್ನ ಕಂಡ್ರೆ ನನಗೆ ಡೌಟು. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲೂ ಇದೇ ಆಗಿತ್ತು, 1940ರ ದಶಕದಲ್ಲಿ ಊಟಕ್ಕಿಲ್ಲ ಕರೆಂಟಿಲ್ಲ ಅಂದ್ರೆ ಸರ್ಕಾರದ ರೆಡಿಮೇಡ್ ಉತ್ತರ 'ಹಠಮಾರಿ ಬರ'. ಜನ ಅದನ್ನ ಜೋಕ್ ಮಾಡ್ಕೊಂಡ್ರು, ಊರೂರಿಗೆ ಹೋಗಿ ಡ್ಯಾಮ್ ಉದ್ಘಾಟನೆ ಮಾಡ್ತಿದ್ದ ಆತನಿಗೆ 'ಕಪ್ಪೆ' ಅಂತ ಅಡ್ಡಹೆಸರು ಇಟ್ರು.

ಜಗಳ ತೀರಿಸೋದ್ರಲ್ಲಿ ನನಗೆ ಇಷ್ಟ ಆಗಿದ್ದು ವಲೆನ್ಸಿಯಾದ ನೀರಿನ ಪಂಚಾಯ್ತಿ. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಸರಿಯಾಗಿ, ದೊಡ್ಡ ಚರ್ಚಿನ ಬಾಗಿಲ ಮುಂದೆ, ತುರಿಯಾ ನದಿಯ ಎಂಟು ಕಾಲುವೆಗಳ ರೈತರು ಆರಿಸಿದ ಎಂಟು ಜನ ಕಪ್ಪು ನಿಲುವಂಗಿ ಹಾಕ್ಕೊಂಡು ಮರದ ಕುರ್ಚಿ ಮೇಲೆ ಕೂರ್ತಾರೆ. ಒಂದೊಂದೇ ಕಾಲುವೆ ಹೆಸರು ಕೂಗ್ತಾರೆ, ದೂರು ಇದ್ರೆ ಬರಬೇಕು. ವಕೀಲರಿಲ್ಲ, ಅರ್ಜಿ ಇಲ್ಲ, ಎಲ್ಲ ಬಾಯಲ್ಲೇ, ತೀರ್ಪೂ ಅಲ್ಲೇ, ಅಪೀಲಿಲ್ಲ. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮ ನೀರಗಂಟಿ ಪದ್ಧತಿಗೆ ಯಾರಾದ್ರೂ ಕುರ್ಚಿ ಹಾಕಿ ಕೂರಿಸಿದ್ರೆ ಹೀಗೇ ಇರ್ತಿತ್ತೇನೋ.

ಪ್ರಶ್ನೆ: ಕಾಡು ಕಡಿದಿದ್ದಕ್ಕೆ ಮಳೆ ಹೋಯ್ತು, ಮರ ನೆಟ್ರೆ ಎಲ್ಲ ಸರಿ ಹೋಗುತ್ತೆ ಅಲ್ವಾ? (ಶಿರಸಿ)

ಉತ್ತರ: ಸ್ಪೇನಿನಲ್ಲಿ ಕಥೆ ತಿರುಗುಮುರುಗು, ಬೇಜಾರಾಗ್ಬೇಡಿ. ಹೋದ ಶತಮಾನದಲ್ಲಿ ಪಿರೆನೀಸ್ ಬೆಟ್ಟದ ಹಳ್ಳಿಗಳನ್ನ ಬಿಟ್ಟು ಜನ ಪಟ್ಟಣಕ್ಕೆ ಹೋದ್ರು. ಕುರಿ ಮೇಯೋದು ನಿಂತ್ತು, ಮೆಟ್ಟಿಲು ಗದ್ದೆಗಳಲ್ಲಿ ಪೊದೆ ಬಂತು, ಪೊದೆ ಕಾಡಾಯ್ತು. ಮಂಡ್ಯದವರಿಗೆ ಹೇಳದೇ ಉಳಿಸ್ಕೊಂಡಿದ್ದ ಮೂರನೇ ಕಳ್ಳ ಇದೇ ಕಾಡು. ಮರ ಬೇರಿಂದ ನೀರು ಎಳೆದು ಎಲೆಯಿಂದ ಗಾಳಿಗೆ ಬಿಡುತ್ತೆ, ಹಾಗಾಗಿ ಅದೇ ಮಳೆಗೆ ಈಗ ಹೊಳೆಗೆ ಬರೋ ನೀರು ಕಮ್ಮಿ. ಇದು ಅಲ್ಲಿಯ ಬೆಟ್ಟದ ನದಿಗಳಲ್ಲಿ ಅಳೆದು ನೋಡಿರೋ ವಿಷಯ. ಹಾಗಂತ ಕಾಡು ಕೆಟ್ಟದ್ದು ಅಂತಲ್ಲ, ಮಣ್ಣು ಹಿಡಿಯುತ್ತೆ, ನೆರಳು ಕೊಡುತ್ತೆ. ಮಲೆನಾಡಿಗೆ ಈ ಲೆಕ್ಕ ತಂದು ಹಚ್ಬೇಡಿ, ನಿಮ್ಮ ಮಳೆಯೇ ಬೇರೆ ಮಣ್ಣೇ ಬೇರೆ. ಮರ ನೆಟ್ರೆ ಡ್ಯಾಮು ತುಂಬುತ್ತೆ ಅನ್ನೋ ಸ್ಲೋಗನ್ ಮಾತ್ರ ಎಲ್ಲಾ ಊರಿಗೂ ಹೊಂದಲ್ಲ.

ಪ್ರಶ್ನೆ: ಬರ ಬರ ಅಂತೀರಿ, 2024ರಲ್ಲೇ ಅಲ್ಲಿ ಪ್ರವಾಹ ಬಂದು ಕಾರುಗಳೆಲ್ಲ ಒಂದರ ಮೇಲೊಂದು ಬಿದ್ದಿದ್ವಲ್ಲ ಮಾರಾಯ್ರೇ? (ಪುತ್ತೂರು)

ಉತ್ತರ: ಬಂದಿತ್ತು, ವಲೆನ್ಸಿಯಾದಲ್ಲಿ, ಅಕ್ಟೋಬರ್ 29ಕ್ಕೆ, 220ಕ್ಕೂ ಜಾಸ್ತಿ ಜನ ಸತ್ತರು. ತುರೀಸ್ ಅನ್ನೋ ಊರಲ್ಲಿ ಒಂದೇ ದಿನ 771.8 ಮಿಲಿಮೀಟರ್ ಬಿತ್ತು, ಅದರಲ್ಲಿ ಒಂದು ಗಂಟೆಗೇ 184.6. ಆಗುಂಬೆಯಲ್ಲೂ ಗಂಟೆಗೆ ಇಷ್ಟು ಅಂದ್ರೆ ಜನ ಹೊರಗೆ ಬಂದು ನೋಡ್ತಾರೆ. ಇಡೀ ದಿನದ ಲೆಕ್ಕ ಬಾರ್ಸಿಲೋನಾದ ಒಂದು ವರ್ಷದ ಮಳೆಗಿಂತ ಜಾಸ್ತಿ. ಬೇಸಿಗೆ ಪೂರ್ತಿ ಕಾದ ಸಮುದ್ರ ಕೆಳಗೆ, ಉತ್ತರದಿಂದ ಕಿತ್ಕೊಂಡು ಬಂದ ತಣ್ಣನೆ ಗಾಳಿಯ ಗುಂಡಿ ಮೇಲೆ, ಮೂಡಗಾಳಿ ಆವಿ ತಂದು ಬೆಟ್ಟಕ್ಕೆ ಒತ್ತುತ್ತೆ. ಹಳಬರು ಇದಕ್ಕೆ 'ತಣ್ಣನೆ ಹನಿ' ಅಂತ ಹೆಸರಿಟ್ಟಿದ್ದಾರೆ, ಹೊಸದಲ್ಲ. ಸಮುದ್ರ ಬಿಸಿಯಾದಷ್ಟೂ ಜೋರಾಗುತ್ತೆ. ಇಂಥ ಮಳೆ ವರ್ಷದ ಸರಾಸರಿಯನ್ನ ಒಂದೇ ಏಟಿಗೆ ಸರಿ ಮಾಡ್ಬಿಡುತ್ತೆ, ಕಾಗದದ ಮೇಲೆ. ನೆಲದಲ್ಲಿ ಇಂಗೋದು ಎಷ್ಟು, ಸಮುದ್ರಕ್ಕೆ ಕೆಸರಾಗಿ ಹೋಗೋದು ಎಷ್ಟು. ಮೇಷ್ಟ್ರು ಕೇಳಿದ ಪ್ರಶ್ನೆಗೆ ಇದೂ ಉತ್ತರದ ಒಂದು ತುಂಡು.

ಪ್ರಶ್ನೆ: ಆ ಸೌ ಚರ್ಚು ನೋಡೋಕೆ ಯಾವಾಗ ಹೋದ್ರೆ ಒಳ್ಳೇದು? ನಮ್ಮ ಶೆಟ್ಟಿಹಳ್ಳಿ ಚರ್ಚಿನ ತರಾನೇ ಇದೆ. (ಹಾಸನ)

ಉತ್ತರ: ನೋಡೋಕೆ ಹಾಗೇ ಇದೆ, ನಡವಳಿಕೆ ಬೇರೆ. ಶೆಟ್ಟಿಹಳ್ಳಿಯದ್ದು ಹೇಮಾವತಿ ತುಂಬಿದಾಗ ಮುಳುಗಿ, ಬೇಸಿಗೆಯಲ್ಲಿ ಮೇಲೆ ಬರುತ್ತೆ, ಕ್ಯಾಲೆಂಡರ್ ನೋಡಿ ಹೋಗ್ಬಹುದು. ಸೌನಲ್ಲಿರೋದು 11ನೇ ಶತಮಾನದ ಕಲ್ಲಿನ ಚರ್ಚು, ಡ್ಯಾಮ್ ತುಂಬಿದ್ರೆ ಗಂಟೆ ಗೋಪುರದ ತುದಿ ಮಾತ್ರ ನೀರ ಮೇಲೆ. ಬುಡದ ತನಕ ಕಂಡ್ರೆ ಬಾರ್ಸಿಲೋನಾದವರ ಎದೆ ಢವಢವ. 2023ರಲ್ಲಿ ನೀರು ಇಳಿದಾಗ ಉಳಿದ ನೀರೂ ಕೆಡಬಾರದು ಅಂತ ಮೀನುಗಳನ್ನ ಬಲೆ ಹಾಕಿ ಹಿಡಿದು ತೆಗೆದು, ನೀರನ್ನ ಕೆಳಗಿನ ಸುಸ್ಕೆದಾ ಡ್ಯಾಮಿಗೆ ಬಿಟ್ರು, ಅದೇ ವಾರಗಳಲ್ಲಿ ಸೆಲ್ಫಿ ತಗೊಳೋಕೆ ಜನ ಜಾತ್ರೆ. ಹೋಗೋದಾದ್ರೆ ಬಾರ್ಸಿಲೋನಾದಿಂದ ವಿಕ್ ಊರಿಗೆ ಟ್ರೇನ್ ಇದೆ, ಅಲ್ಲಿಂದ ವಿಲನೋವಾ ದೆ ಸೌ ಕಡೆ ಬೆಟ್ಟದ ದಾರಿ, ಕಾರು ಬೇಕು. ಹೊರಡೋ ಮುಂಚೆ ಡ್ಯಾಮಿನ ಲೆವೆಲ್ ನೆಟ್ಟಲ್ಲಿ ನೋಡ್ಕೊಳ್ಳಿ, ದಿನಾ ಹಾಕ್ತಾರೆ, ನಮ್ಮ ಪೇಪರಲ್ಲಿ ಕೆಆರ್‌ಎಸ್ ಮಟ್ಟ ಬರುತ್ತಲ್ಲ ಹಾಗೆ.